ಪ್ರೋಟೋಕಾಲ್ ಶುರುವಾಗುವ ಮೊದಲೇ ವಾಲಿರುವ ಕೋಶಗಳು

ಭ್ರೂಣದ ಸ್ಟೆಮ್ ಸೆಲ್, ಅಂದರೆ ದೇಹದ ಯಾವ ಬಗೆಯ ಕೋಶವಾಗಿಯೂ ಬದಲಾಗಬಲ್ಲ ಕೋಶ, ಬೆಳೆಸುವವರಿಂದ ನಾನು ಜಾಸ್ತಿ ಕೇಳುವ ದೂರು ಒಂದೇ. ಹೋದ ಸಲ ನರಕೋಶ ಚೆನ್ನಾಗಿ ಬಂದಿತ್ತು, ಈ ಸಲ ಅದೇ ಪ್ರೋಟೋಕಾಲ್‌ನಲ್ಲಿ ಬೇರೇನೋ ಬಂದಿದೆ ಅಂತ. ಎಲ್ಲರೂ ಮೊದಲು ಅನುಮಾನಿಸುವುದು ಗ್ರೋತ್ ಫ್ಯಾಕ್ಟರ್ (ಬೆಳೆಯಲು, ಬದಲಾಗಲು ಕೋಶಕ್ಕೆ ಸೂಚನೆ ಕೊಡುವ ಪ್ರೋಟೀನ್) ಬಾಟಲಿಯನ್ನು. ನಾನು ಕೇಳುವುದು ಬೇರೆ. ಅದಕ್ಕೂ ಮುಂಚೆ ಕೋಶಗಳನ್ನು ಹೇಗೆ ಇಟ್ಟಿದ್ರಿ?

1998ರಲ್ಲಿ ಜೇಮ್ಸ್ ಥಾಮ್ಸನ್ ತಂಡ ಮಾನವ ಭ್ರೂಣದ ಸ್ಟೆಮ್ ಸೆಲ್‌ಗಳನ್ನು ಮೊದಲು ಬೆಳೆಸಿದ್ದು ಇಲಿಯ ಕೋಶಗಳ ಹಾಸಿನ ಮೇಲೆ, ಕರುವಿನ ಸೀರಮ್ (ರಕ್ತದ ತಿಳಿ) ಹಾಕಿ. ಸೀರಮ್‌ನಲ್ಲಿ ಏನೇನಿದೆ, ಎಷ್ಟಿದೆ ಅನ್ನುವುದು ಒಂದೊಂದು ಬ್ಯಾಚ್‌ಗೆ ಒಂದೊಂದು ಥರ. 2011ರಲ್ಲಿ ಬಂದ ಇ8 ಎಂಬ ಮೀಡಿಯಂನಲ್ಲಿ, ಅಂದರೆ ಕೋಶ ಬೆಳೆಸುವ ದ್ರವದಲ್ಲಿ, ಇರುವುದು ಎಂಟೇ ಪದಾರ್ಥ. ದೊಡ್ಡ ನೆಮ್ಮದಿ, ನಿಜ. ಆದರೆ ಪಟ್ಟಿ ಚಿಕ್ಕದಾದ ಮಾತ್ರಕ್ಕೆ ಕೋಶ ಹೇಳಿದ ಮಾತು ಕೇಳುವುದಿಲ್ಲ.

ಆಕ್ಟಿವಿನ್ ಎಂಬ ಗ್ರೋತ್ ಫ್ಯಾಕ್ಟರ್ ನೋಡಿ. ಕಡಿಮೆ ಪ್ರಮಾಣದಲ್ಲಿ, ಎಫ್‌ಜಿಎಫ್2 ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್ ಜೊತೆಗಿದ್ದರೆ, ಅದು ಕೋಶವನ್ನು ಸ್ಟೆಮ್ ಸೆಲ್ ಆಗಿಯೇ ಉಳಿಸುತ್ತದೆ. ಮಿಲಿಲೀಟರಿಗೆ 100 ನ್ಯಾನೋಗ್ರಾಮ್ ಕೊಟ್ಟು ಸೀರಮ್ ತೀರಾ ಇಳಿಸಿದರೆ ಅದೇ ಆಕ್ಟಿವಿನ್ ಕೋಶವನ್ನು ಎಂಡೋಡರ್ಮ್ ಕಡೆ, ಅಂದರೆ ಮುಂದೆ ಕರುಳು, ಯಕೃತ್ತು ಆಗುವ ಪದರದ ಕಡೆ ತಳ್ಳುತ್ತದೆ. ಸೀರಮ್ ಯಾಕೆ ಇಳಿಸಬೇಕು? ಅದರಲ್ಲಿರುವ ಇನ್ಸುಲಿನ್ ಥರದ ಅಂಶಗಳು ಕೋಶದೊಳಗಿನ ಪಿಐ3ಕೆ ಎಂಬ ಸಂಕೇತವನ್ನು ಚಾಲೂ ಇಡುತ್ತವೆ. ಅದು ಚಾಲೂ ಇರುವವರೆಗೆ ಕೋಶ ಎಂಡೋಡರ್ಮ್ ಆಗಲು ಹಿಂಜರಿಯುತ್ತದೆ.

ಇನ್ನು ದಟ್ಟಣೆ. ನನ್ನ ಪ್ರಕಾರ ಅತಿ ಹೆಚ್ಚು ಕಡೆಗಣಿಸುವುದು ಇದನ್ನೇ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೋಶಗಳನ್ನು ಪುಟ್ಟ ದುಂಡು ಅಚ್ಚುಗಳಲ್ಲಿ ಬೆಳೆಸಿ ಎಲ್ಲಕ್ಕೂ ಒಂದೇ ಬಿಎಂಪಿ4 (ಇದೂ ಒಂದು ಗ್ರೋತ್ ಫ್ಯಾಕ್ಟರ್) ಕೊಟ್ಟರು. ಆದರೂ ಅಂಚಿನವು ಪ್ಲಾಸೆಂಟಾಕ್ಕೆ ಹತ್ತಿರದ ಕೋಶಗಳಾದವು, ಒಳಗಿನ ಉಂಗುರಗಳಲ್ಲಿ ಎಂಡೋಡರ್ಮ್, ಮೀಸೋಡರ್ಮ್ (ಸ್ನಾಯು, ರಕ್ತ ಆಗುವ ಪದರ) ಬಂದವು, ನಡುವೆ ಎಕ್ಟೋಡರ್ಮ್ (ಚರ್ಮ, ನರ ಆಗುವ ಪದರ). ಮೀಡಿಯಂ ಒಂದೇ, ಜಾಗ ಮಾತ್ರ ಬೇರೆ! ಒತ್ತೊತ್ತಾಗಿ ನಿಂತ ಕೋಶಗಳಲ್ಲಿ ಬಿಎಂಪಿ ಹಿಡಿಯುವ ರಿಸೆಪ್ಟರ್‌ಗಳು ಪಕ್ಕಕ್ಕೂ ತಳಕ್ಕೂ ಸರಿದು, ಮೇಲಿನ ಮೀಡಿಯಂಗೆ ಸಿಗದಂತಾಗುತ್ತವೆ. ಅಂಚಿನವಕ್ಕೆ ಆ ಮರೆ ಇಲ್ಲ. ಜೊತೆಗೆ ಕೋಶಗಳೇ ಬಿಡುವ ನಾಗಿನ್ ಎಂಬ, ಬಿಎಂಪಿಯನ್ನು ತಡೆಯುವ ಪ್ರೋಟೀನ್ ನಡುವೆ ಜಮಾಯಿಸುತ್ತದೆ.

ನರಕೋಶದ ಪ್ರೋಟೋಕಾಲ್‌ನಲ್ಲೂ ಹೀಗೇ. ಎಸ್‌ಮ್ಯಾಡ್ ಸಂಕೇತಗಳನ್ನು (ಬಿಎಂಪಿ, ಆಕ್ಟಿವಿನ್ ಥರದವು ಕೋಶದೊಳಗೆ ಕಳಿಸುವ ಸಂದೇಶಗಳನ್ನು) ಎರಡೂ ಕಡೆಯಿಂದ ತಡೆಯುವ, 2009ರಿಂದ ಬಳಕೆಯಲ್ಲಿರುವ ವಿಧಾನದಲ್ಲಿ ದಟ್ಟವಾಗಿ ಹಾಕಿದರೆ ಪ್ಯಾಕ್ಸ್6 ಎಂಬ ಗುರುತಿನ ಪ್ರೋಟೀನ್ ಇರುವ, ಮಿದುಳಿನ ಕಡೆಯ ಕೋಶಗಳು ಜಾಸ್ತಿ. ತೆಳುವಾಗಿ ಹಾಕಿದರೆ ನ್ಯೂರಲ್ ಕ್ರೆಸ್ಟ್ (ಮಿದುಳಿನ ಹೊರಗಿನ ನರ, ಚರ್ಮದ ಬಣ್ಣದ ಕೋಶ ಇತ್ಯಾದಿ ಆಗುವವು) ಕಡೆಯವು ಹೆಚ್ಚು. ಹಾಗಾಗಿ 'ಪ್ಲೇಟ್ ಅರ್ಧ ತುಂಬಿತ್ತು' ಅನ್ನುವ ಟಿಪ್ಪಣಿ ಯಾವ ಕೆಲಸಕ್ಕೂ ಬರುವುದಿಲ್ಲ. ಎಣಿಸಿ, ಚದರ ಸೆಂಟಿಮೀಟರಿಗೆ ಎಷ್ಟು ಅಂತ ಬರೆದಿಡಿ.

ಎಫ್‌ಜಿಎಫ್2 37 ಡಿಗ್ರಿಯಲ್ಲಿ ಬೇಗ ಹಾಳಾಗುತ್ತದೆ. ಸಾಮಾನ್ಯ ಮೀಡಿಯಂ ಅನ್ನು ದಿನಾ ಬದಲಾಯಿಸುವುದು ಸುಮ್ನೆ ಅಲ್ಲ. ವಾರಾಂತ್ಯದಲ್ಲಿ ಒಂದು ಸಲ ತಪ್ಪಿಸಿದರೂ ಸೋಮವಾರದ ಕೋಶ ಶುಕ್ರವಾರದ್ದಲ್ಲ. ಆಮ್ಲಜನಕವೂ ಲೆಕ್ಕಕ್ಕೆ ಬರುತ್ತದೆ. ಅದನ್ನು ಶೇ 5ರ ಆಸುಪಾಸಿಗೆ ಇಳಿಸಿದಾಗ ತಾವಾಗಿಯೇ ದಾರಿ ತಪ್ಪುವ ಕೋಶಗಳು ಕಡಿಮೆಯಾಗುತ್ತವೆ.

'ಆಕ್ಟ್4 ಪಾಸಿಟಿವ್ ಇತ್ತಲ್ವಾ?' ಅನ್ನುತ್ತಾರೆ; ಆಕ್ಟ್4 ಅಂದರೆ ಸ್ಟೆಮ್ ಸೆಲ್ ಗುರುತಿಸಲು ನೋಡುವ ಪ್ರೋಟೀನ್. ಇರಬಹುದು. ಅದು ಕೋಶ ಇನ್ನೂ ಸ್ಟೆಮ್ ಸೆಲ್ ಅಂತ ಹೇಳುತ್ತದೆಯೇ ಹೊರತು ಯಾವ ಕಡೆ ವಾಲಿದೆ ಅಂತ ಹೇಳುವುದಿಲ್ಲ.

ಇದೆಲ್ಲ ಸರಿ ಇದ್ದೂ ನರಕೋಶ ಬರದಿದ್ದರೆ ಕ್ರೋಮೋಸೋಮ್ ನೋಡಿಸಿ. ಮತ್ತೆಮತ್ತೆ ಬಿಡಿಬಿಡಿ ಕೋಶಗಳಾಗಿ ಒಡೆದು ಬೆಳೆಸಿದಾಗ, ಸಾವಿನಿಂದ ತಪ್ಪಿಸಿಕೊಳ್ಳುವ ಕೋಶಗಳು ಮೇಲುಗೈ ಪಡೆಯುತ್ತವೆ. 20ನೇ ಕ್ರೋಮೋಸೋಮಿನ 20ಕ್ಯೂ11.21 ಭಾಗ ಹೆಚ್ಚುವರಿಯಾಗಿರುವುದು ಇವುಗಳಲ್ಲಿ ಪದೇ ಪದೇ ಕಾಣುತ್ತದೆ. ಅಂಥವು ನರದ ದಾರಿ ಹಿಡಿಯಲು ತಡವರಿಸುತ್ತವೆ. ಕ್ರೋಮೋಸೋಮಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವ ಮಾಮೂಲಿ ಜಿ-ಬ್ಯಾಂಡಿಂಗ್‌ನಲ್ಲಿ ಈ ಚಿಕ್ಕ ಬದಲಾವಣೆ ಎಷ್ಟೋ ಸಲ ಕಾಣುವುದೇ ಇಲ್ಲ. ಆ ಭಾಗವನ್ನೇ ಗುರಿಯಿಟ್ಟು ನೋಡುವ ಫಿಶ್ ಅಥವಾ ಕ್ಯೂಪಿಸಿಆರ್ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಬೇಕು.