ಗೆದ್ದಲಿಗೆ ಬೇಟ್ ಸ್ಟೇಷನ್: ನಿಧಾನವಾಗಿ ಕೊಲ್ಲುವ ಮದ್ದೇ ಏಕೆ?

ಬೇಟ್ ಅಂದರೆ ಮದ್ದು ಬೆರೆಸಿದ ಮೇವು. ಅದನ್ನಿಟ್ಟು ಗೆದ್ದಲನ್ನು ಕೊಲ್ಲುವ ಈ ಪಾಠದಲ್ಲಿ ಹೆಚ್ಚಿನವರು ತಡವರಿಸುವುದು ಒಂದೇ ಕಡೆ. ತಕ್ಷಣ ಕೊಲ್ಲುವ ಮದ್ದಿರುವಾಗ ತಿಂಗಳುಗಟ್ಟಲೆ ಕಾಯಿಸುವುದನ್ನು ಯಾಕೆ ಇಡಬೇಕು? ಇದು ಗೊತ್ತಾದರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಿಲ್ಲ.

ಗೋಡೆಯ ಮೇಲಿನ ಮಣ್ಣಿನ ಕೊಳವೆ ಒಡೆದಾಗ ಹರಿದಾಡುವ ಬಿಳಿ ಹುಳುಗಳು ಕೆಲಸಗಾರ ಗೆದ್ದಲುಗಳು. ಅವು ಇಡೀ ಸಂಸಾರದ ಚೂರು ಪಾಲು ಮಾತ್ರ. ರಾಣಿ, ಮೊಟ್ಟೆ, ಮರಿ ಎಲ್ಲ ಮಣ್ಣಿನೊಳಗೆ. ಕಂಡಲ್ಲಿ ಸ್ಪ್ರೇ ಹೊಡೆದರೆ ಕಂಡವು ಸಾಯುತ್ತವೆ, ಮಿಕ್ಕವು ಬೇರೆ ದಾರಿ ಕೊರೆಯುತ್ತವೆ. ತಿಂದಲ್ಲೇ ಸಾಯಿಸುವ ವಿಷದ್ದೂ ಇದೇ ಕತೆ. ಹೆಣ ಬಿದ್ದ ಕಡೆಗೆ ಉಳಿದವು ಸುಳಿಯುವುದಿಲ್ಲ.

ಬೇಟಿನಲ್ಲಿರುವ ಹೆಕ್ಸಾಫ್ಲುಮುರಾನ್, ನೊವಿಫ್ಲುಮುರಾನ್ ಎಂಬ ಮದ್ದುಗಳು ಕೈಟಿನ್ ತಯಾರಾಗದಂತೆ ತಡೆಯುತ್ತವೆ. ಗೆದ್ದಲಿನ ಮೈಹೊದಿಕೆಗೆ ಕೈಟಿನ್ ಬೇಕೇ ಬೇಕು, ಆದರೆ ಅದರ ಕೊರತೆ ತಟ್ಟುವುದು ಹೊಸ ಹೊದಿಕೆ ಕಟ್ಟುವಾಗ ಮಾತ್ರ. ಹಾಗಾಗಿ ಬೇಟು ತಿಂದ ಹುಳು ಆರಾಮಾಗಿ ಓಡಾಡುತ್ತದೆ, ತಿಂದದ್ದನ್ನು ಬಾಯಿಂದ ಬಾಯಿಗೆ ಗೂಡಿನವರಿಗೆಲ್ಲ ಹಂಚುತ್ತದೆ. ಮುಂದಿನ ಸಲ ಪೊರೆ ಕಳಚುವಾಗ ಹೊಸ ಹೊದಿಕೆ ಕೂಡಿಬರದೆ ಸಾಯುತ್ತದೆ. ಎಷ್ಟು ತಿಂದಿತು ಎನ್ನುವುದಕ್ಕಿಂತ ಪೊರೆ ಕಳಚುವ ಸರದಿ ಯಾವಾಗ ಬಂತು ಎನ್ನುವುದೇ ಸಾವಿನ ಹೊತ್ತನ್ನು ಗೊತ್ತುಮಾಡುತ್ತದೆ. ರಾಣಿಯೂ ಗೂಡು ಕಾಯುವ ಸೈನಿಕ ಗೆದ್ದಲುಗಳೂ ಪೊರೆ ಕಳಚುವುದಿಲ್ಲ, ನಿಜ. ಆದರೆ ಅವಕ್ಕೆ ಉಣಿಸುವವರು ಯಾರು? ಕೆಲಸಗಾರರು ಮುಗಿದರೆ ಅವೂ ಹಸಿದು ಮುಗಿಯುತ್ತವೆ. ಅಮೆರಿಕದಲ್ಲಿ 1995ರಲ್ಲಿ ಮಾರುಕಟ್ಟೆಗೆ ಬಂದ ಹೆಕ್ಸಾಫ್ಲುಮುರಾನ್ ಬೇಟು ನಿಂತದ್ದು ಈ ತರ್ಕದ ಮೇಲೆಯೇ.

ಸ್ಟೇಷನ್ ಅಂದರೆ ಪಕ್ಕದಲ್ಲಿ ಸೀಳುಗಳಿರುವ ಪ್ಲಾಸ್ಟಿಕ್ ಕೊಳವೆ. ಒಳಗೆ ಮರದ ತುಂಡು ಅಥವಾ ಸೆಲ್ಯುಲೋಸ್ ಬೇಟು, ಮೇಲೆ ನೆಲಮಟ್ಟಕ್ಕೆ ಮುಚ್ಚಳ. ಮನೆಯ ಸುತ್ತ ಸುಮಾರು 3 ಮೀಟರಿಗೊಂದರಂತೆ ಹುಗಿಯುತ್ತಾರೆ. ಬೇಟಿಗೆ ದೂರದಿಂದ ಗೆದ್ದಲನ್ನು ಸೆಳೆಯುವ ಶಕ್ತಿ ಇಲ್ಲ. ಮೇವು ಹುಡುಕುತ್ತ ಅಲೆಯುವ ಹುಳು ಎಡತಾಕಬೇಕು, ಅಷ್ಟೇ. ಅಂತರ ಹೆಚ್ಚಾದರೆ ನಡುವೆ ನುಸುಳಿ ಹೋಗುತ್ತವೆ. ಹುಳು ಹತ್ತಿದೆಯೇ ಎಂದು ಪದೇ ಪದೇ ಮುಚ್ಚಳ ಎತ್ತುವ ಚಪಲ ಬೇಡ. ಅಲುಗಾಡಿಸಿದ ಸ್ಟೇಷನ್ ಬಿಟ್ಟು ಅವು ಜಾಗ ಖಾಲಿ ಮಾಡುತ್ತವೆ. ಸ್ಟೇಷನ್ ಸುತ್ತ ಕೀಟನಾಶಕ ಸಿಂಪಡಿಸುವುದಂತೂ ನಾವೇ ಇಟ್ಟ ಬಲೆಯನ್ನು ನಾವೇ ಹರಿದಂತೆ.

ಮನೆಯೊಳಗೆ ಆಗಲೇ ತಿನ್ನುತ್ತಿದ್ದರೆ? ಹೊರಗಿನ ಸ್ಟೇಷನ್ ಹುಳುವಿಗೆ ಸಿಗುವವರೆಗೆ ಬಾಗಿಲ ಚೌಕಟ್ಟು ಕಾಯುವುದಿಲ್ಲ. ಹುಳು ಓಡಾಡುತ್ತಿರುವ ಮಣ್ಣಿನ ಕೊಳವೆಯ ಮೇಲೆಯೇ ಬೇಟಿನ ಪೆಟ್ಟಿಗೆ ಕೂರಿಸುತ್ತಾರೆ. ಹುಡುಕಾಟದ ಹೊತ್ತು ಉಳಿಯುತ್ತದೆ.

ಕೊನೆಯದಾಗಿ, ಪುಸ್ತಕದಲ್ಲಿ ಒಂದು ಸಾಲಿನಲ್ಲಿ ದಾಟಿಸಿಬಿಡುವ ಆದರೆ ನನಗೆ ಮುಖ್ಯವೆನಿಸಿದ ವಿಷಯ: ಎಲ್ಲ ಗೆದ್ದಲಿಗೂ ಬೇಟು ಒಂದೇ ತರ ನಡೆಯದು. ಕೊಪ್ಟೋಟರ್ಮಿಸ್ ಜಾತಿಯವು ಚೆನ್ನಾಗಿ ಬಗ್ಗುತ್ತವೆ. ಗೂಡಿನೊಳಗೆ ಶಿಲೀಂಧ್ರ ಬೆಳೆಸಿ ತಿನ್ನುವ ಓಡೊಂಟೋಟರ್ಮಿಸ್‌ನಂಥವು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆದ್ದರಿಂದ ಮೊದಲು ಸೈನಿಕನೊಂದನ್ನು ಹಿಡಿದು ಕೆಣಕಿ ನೋಡಿ. ಹಣೆಯ ಮೇಲಿನ ರಂಧ್ರದಿಂದ ಹಾಲಿನಂಥ ಬಿಳಿ ಅಂಟು ಜಿನುಗಿದರೆ ಅದು ಕೊಪ್ಟೋಟರ್ಮಿಸ್, ಬೇಟು ಇಡಲು ಅಡ್ಡಿಯಿಲ್ಲ. ಓಡೊಂಟೋಟರ್ಮಿಸ್ ಎಂದು ಗೊತ್ತಾದರೆ ಬೇಟನ್ನೇ ನೆಚ್ಚಿ ಕೂರದೆ, ಅಡಿಪಾಯದ ಮಣ್ಣಿಗೆ ದ್ರವ ಔಷಧಿ ಕೊಡಿಸುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.