ಸ್ಯಾಂಟೊರಿನಿ ವೈನಲ್ಲಿ ಹುಣಸೆಹಣ್ಣಿನ ಹುಳಿ

"ಇದ್ರಲ್ಲಿ ಜ್ವಾಲಾಮುಖಿ ಕಲ್ಲಿನ ರುಚಿ ಇದೆ" ಅಂತ ಯಾರಾದ್ರೂ ವೈನ್ ಗ್ಲಾಸ್ ಅಲ್ಲಾಡಿಸ್ತಾ ಹೇಳಿದ್ರೆ ನಂಗೆ ತಲೆ ಕೆಡುತ್ತೆ. ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಅಸಿರ್ಟಿಕೊ ಅನ್ನೋ ದ್ರಾಕ್ಷಿಯಿಂದ ಮಾಡೋ ಬಿಳಿ ವೈನಿಗೆ ಈ ಮಾತು ಗಟ್ಟಿಯಾಗಿ ಅಂಟ್ಕೊಂಡಿದೆ. ಬಳ್ಳಿ ಕಲ್ಲನ್ನ ಕುಡಿಯಲ್ಲ ಸ್ವಾಮಿ. ನೀರಲ್ಲಿ ಕರಗಿರೋ ಚೂರುಪಾರು ಖನಿಜ ಬೇರಲ್ಲಿ ಎಳ್ಕೊಳುತ್ತೆ ಅಷ್ಟೆ. ಕೆಮ್ಮಣ್ಣಲ್ಲಿ ಬೆಳೆದ ರಾಗಿಯ ಮುದ್ದೆಗೆ ಕೆಮ್ಮಣ್ಣಿನ ರುಚಿ ಇರುತ್ತಾ?

ಆ ವೈನಲ್ಲಿ ನಿಜವಾಗ್ಲೂ ಕುಣಿಯೋದು ಹುಳಿ. ಅದೂ ಎಂಥ ಹುಳಿ, ಟಾರ್ಟಾರಿಕ್ ಆಸಿಡ್, ಅಂದ್ರೆ ನಮ್ಮ ಹುಣಸೆಹಣ್ಣಲ್ಲಿ ಇರೋ ಅದೇ ಆಸಿಡ್! ನಿಂಬೆಯಲ್ಲಿ ಸಿಟ್ರಿಕ್, ಸೇಬಲ್ಲಿ ಮ್ಯಾಲಿಕ್, ಆದ್ರೆ ಟಾರ್ಟಾರಿಕ್ಕನ್ನ ಹೀಗೆ ಕೂಡಿಡೋ ಹಣ್ಣು ತುಂಬಾ ಕಮ್ಮಿ, ದ್ರಾಕ್ಷಿ ಹುಣಸೆ ಎರಡೂ ಆ ಸಣ್ಣ ಗುಂಪಿನವು.

ಬಿಸಿಲು ದೇಶದಲ್ಲಿ ದ್ರಾಕ್ಷಿ ಹಣ್ಣಾಗ್ತಾ ಹುಳಿ ಕಳ್ಕೊಳುತ್ತೆ, ಮ್ಯಾಲಿಕ್ ಆಸಿಡ್ಡನ್ನ ಬಳ್ಳಿ ಸೆಕೆಯಲ್ಲಿ ಉರಿಸಿಬಿಡುತ್ತೆ. ಟಾರ್ಟಾರಿಕ್ ಸುಲಭಕ್ಕೆ ಉರಿಯಲ್ಲ, ಆದ್ರೆ ಪೊಟ್ಯಾಸಿಯಂ ಸಿಕ್ಕಿದ್ರೆ ಅದರ ಜೊತೆ ಹರಳುಗಟ್ಟಿ ತಳ ಸೇರುತ್ತೆ. ಸ್ಯಾಂಟೊರಿನಿ ಮಣ್ಣು ಸುಮಾರು 3600 ವರ್ಷದ ಹಿಂದೆ ಸಿಡಿದ ಜ್ವಾಲಾಮುಖಿಯ ಬೂದಿ, ಪ್ಯೂಮಿಸ್ ಅನ್ನೋ ತೂತುತೂತಾದ ಹಗುರ ಕಲ್ಲು, ಅದ್ರಲ್ಲಿ ಪೊಟ್ಯಾಸಿಯಂ ಕಮ್ಮಿ. ಹಾಗಾಗಿ ಹುಳಿ ಉಳ್ಕೊಳುತ್ತೆ. ಕಲ್ಲಿನ ಕೊಡುಗೆ ಇದೆ, ಆದ್ರೆ ಅದು ಕಲ್ಲಲ್ಲಿ ಇಲ್ಲದೆ ಇರೋದರ ಕೊಡುಗೆ.

ಅಲ್ಲಿ ಬಳ್ಳಿಗಳನ್ನ ಗಾಳಿಗೆ ಹೆದರಿ ಚಪ್ಪರ ಹಾಕದೆ ನೆಲದ ಮೇಲೇ ಬುಟ್ಟಿ ಥರ ಹೆಣೀತಾರೆ, ದ್ರಾಕ್ಷಿ ಗೊಂಚಲು ಒಳಗೆ, ಕೋಳಿ ಕಾವು ಕೂತಂಗೆ. ಯುರೋಪಿನ ತೋಟಗಳನ್ನ ನುಂಗಿದ ಫಿಲಾಕ್ಸೆರಾ ಹೇನಿಗೆ ಈ ಮರಳು ಬೂದಿಯಲ್ಲಿ ಬದುಕೋಕೆ ಆಗ್ಲಿಲ್ಲ.

ಈಗ ಊಟದ ವಿಷ್ಯ, ನಂಗೆ ಇದೇ ಇಷ್ಟ. ಮೀನಿನ ಜೊತೆ ಬಿಳಿ ವೈನ್ ಯಾಕೆ? ಸಮುದ್ರದ ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಅದರೊಳಗೆ ಟ್ರೈಮೀಥೈಲ್ ಅಮೀನ್ ಅನ್ನೋದನ್ನ ಮಾಡುತ್ತೆ, ಮೀನು ವಾಸನೆಯಲ್ಲಿ ದೊಡ್ಡ ಪಾಲು ಇದರದ್ದು. ಅದು ಕ್ಷಾರ, ಗಾಳಿಗೆ ಹಾರೋ ಬಲೂನು. ಹುಳಿ ಬಿದ್ದ ಕೂಡ್ಲೇ ಆ ಬಲೂನಿಗೆ ಕಲ್ಲು ಕಟ್ಟಿದಂಗೆ, ಅಮೀನ್ ಲವಣ ಆಗಿ ಕೆಳಗೇ ಕೂರುತ್ತೆ, ಮೂಗಿನ ತನಕ ಬರಲ್ಲ. ಗ್ರೀಕರು ಕರಿದ ಮೀನಿಗೆ ನಿಂಬೆ ಹಿಂಡೋದೂ, ಮಂಗಳೂರು ಕಡೆ ಮೀನ್ ಸಾರಿಗೆ ಹುಳಿ ಹಾಕೋದೂ ಒಂದೇ ಕೆಮಿಸ್ಟ್ರಿ. ಕೆಂಪು ವೈನಲ್ಲಿ ಕಬ್ಬಿಣದಂಶ ಜಾಸ್ತಿ ಇದ್ರೆ ಮೀನಿನ ಜೊತೆ ಕೆಟ್ಟ ವಾಸನೆ ಬರುತ್ತೆ ಅಂತ 2009ರಲ್ಲಿ ಜಪಾನಿನ ಸಂಶೋಧಕರು ಒಣ ಚಿಪ್ಪುಜೀವಿ ಇಟ್ಕೊಂಡು ತೋರಿಸಿದ್ರು.

ಎಣ್ಣೆ ತಿಂಡಿಗೂ ಇದೇ ಹುಳಿ ಕೆಲಸ ಮಾಡುತ್ತೆ. ಒಂದು ಗುಟುಕು ಬಾಯಲ್ಲಿ ಇಟ್ಕೊಂಡು ನುಂಗಿ, ಆಮೇಲೆ ದವಡೆ ಕೆಳಗೆ ಗಮನ ಕೊಡಿ, ಜೊಲ್ಲು ಚಿಮ್ಮುತ್ತೆ. ಆ ನೀರೇ ಎಣ್ಣೆ ಪದರನ್ನ ತೊಳೆಯೋದು, ಬಜ್ಜಿ ತಿಂದು ಮಜ್ಜಿಗೆ ಕುಡಿದಂಗೆ. ಸ್ಯಾಂಟೊರಿನಿಯ ಟೊಮೇಟೊ ವಡೆ, ಅಲ್ಲಿನ ಬೇಳೆ ಬೇಯಿಸಿ ಮಸೆದ ಫಾವ, ಉಪ್ಪುಪ್ಪಾದ ಫೆಟಾ ಚೀಸ್, ಸುಟ್ಟ ಆಕ್ಟೋಪಸ್ ಎಲ್ಲಕ್ಕೂ ಒಪ್ಪುತ್ತೆ.

ಸಿಹಿ ಜೊತೆ ಮಾತ್ರ ಬೇಡ. ಮೈಸೂರು ಪಾಕ್ ತಿಂದು ಕಾಫಿ ಕುಡಿದ್ರೆ ಸಕ್ಕರೇನೇ ಹಾಕಿಲ್ಲ ಅನ್ಸಲ್ವಾ, ಹಾಗೆ ಈ ವೈನ್ ಬರೀ ಹುಳಿ ನೀರಾಗಿಬಿಡುತ್ತೆ. ಉಲ್ಟಾ ಕೂಡ ನಿಜ, ನಿಂಬೆ ಹಿಂಡಿದ ಮೀನು ತಿಂದ್ಮೇಲೆ ಅದೇ ವೈನ್ ಮೆತ್ತಗೆ ಅನ್ಸುತ್ತೆ.

ಇಷ್ಟು ಹುಳಿ ಬೇಡ ಅನ್ನೋರು ದಕ್ಷಿಣ ಗ್ರೀಸಿನ ಪೆಲೊಪೊನೀಸ್ ಬೆಟ್ಟದ ಮಾಂಟಿನಿಯಾದಲ್ಲಿ ಮೊಸ್ಕೊಫಿಲೆರೊ ಅನ್ನೋ ದ್ರಾಕ್ಷಿಯಿಂದ ಮಾಡೋ ವೈನ್ ನೋಡಿ, ಗುಲಾಬಿ ಹೂವಿನ ಘಮ, ಹಗುರ. ಪೈನ್ ರಾಳ ಹಾಕಿದ ರೆಟ್ಸಿನಾ ಅನ್ನೋ ಗ್ರೀಕ್ ವೈನ್ ಕೆಲವರಿಗೆ ಟರ್ಪೆಂಟೈನ್ ನೆನಪಿಸುತ್ತೆ, ನಂಗೆ ಬೆಳ್ಳುಳ್ಳಿ ಜೊತೆ ಸೇರುತ್ತೆ. ಅಸಿರ್ಟಿಕೊನ ಮಾತ್ರ ಫ್ರಿಜ್ಜಿಂದ ತೆಗೆದ ಕೂಡ್ಲೇ ಬಗ್ಗಿಸ್ಬೇಡಿ, 10 ಡಿಗ್ರಿ ದಾಟೋಕೆ ಬಿಡಿ, ಗಡಗಡ ತಣ್ಣಗಿದ್ರೆ ವಾಸನೆ ಮೇಲೇಳಲ್ಲ, ಹುಳಿಯೊಂದೇ ಚುಚ್ಚುತ್ತೆ.