ಎಡಗೈಯಲ್ಲಿ ಬರೆದ ಚೀಟಿ

ಅಂಕೋಲಾ ಕಡೆಯ ಪ್ರೌಢಶಾಲೆಯೊಂದಕ್ಕೆ ಆರೋಗ್ಯದ ಪಾಠ ಹೇಳಲು ಹೋದಾಗ, ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲು ಹೇಳಿದ್ದೆ. ಒಂದು ಚೀಟಿಯ ಅಕ್ಷರಗಳು ಒಂದರ ಮೇಲೊಂದು ಒರಗಿದ್ದವು. ಕೈಬರಹದ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದಂತಿತ್ತು. ‘ಮಾತ್ರೆ ನುಂಗಿದ ಮೇಲೆ ಮುಟ್ಟು ಎಷ್ಟು ದಿನಕ್ಕೆ ಬರುತ್ತದೆ?’ ಯಾರು ಬರೆದದ್ದೆಂದು ಹುಡುಕಲು ಹೊರಟ ಶಿಕ್ಷಕಿಯನ್ನು ನಾನು ತಡೆದೆ.

ಹುಡುಕಾಟದ ಭಯ ಏನು ಮಾಡುತ್ತದೆಂದು ಸ್ತ್ರೀರೋಗ ತಜ್ಞೆಯಾಗಿ ಕಂಡಿದ್ದೇನೆ. ಶಿರಸಿಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಊರಿನ ಮೆಡಿಕಲ್ ಅಂಗಡಿಯಲ್ಲಿ ಗರ್ಭ ತಡೆಯುವ ಮಾತ್ರೆ ಕೇಳಲು ಹೆದರಿದ್ದಳು. ಅಂಗಡಿಯವರು ಅವಳ ಅಪ್ಪನಿಗೆ ಪರಿಚಯ. ನಾಲ್ಕು ದಿನ ಕಾದು, ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ಕೊಂಡಳು. ಲೆವೊನಾರ್ಜೆಸ್ಟ್ರೆಲ್ ಎಂಬ ಆ ತುರ್ತು ಮಾತ್ರೆಯನ್ನು ಲೈಂಗಿಕ ಸಂಪರ್ಕವಾದ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ ನುಂಗಬೇಕು. ಅದು ಅಂಡ ಬಿಡುಗಡೆಯನ್ನು ಮುಂದೂಡುತ್ತದೆ. ಗರ್ಭ ನಿಂತ ಮೇಲೆ ಅದರಿಂದ ಏನೂ ಆಗದು. ಅವಳಿಗೆ ಗರ್ಭ ನಿಂತಿತ್ತು.

ಗರ್ಭ ನಿಲ್ಲದು ಎಂದು ಮಕ್ಕಳು ನಂಬುವ ‘ಸುರಕ್ಷಿತ ದಿನ’ಗಳ ಲೆಕ್ಕವೂ ಈ ವಯಸ್ಸಿನಲ್ಲಿ ಕೈಕೊಡುತ್ತದೆ. ಮುಟ್ಟು ಇನ್ನೂ ಕ್ರಮಕ್ಕೆ ಬಂದಿರುವುದಿಲ್ಲ, ವೀರ್ಯಾಣು ದೇಹದೊಳಗೆ ಐದು ದಿನ ಬದುಕಬಲ್ಲದು. ಗರ್ಭ, ಸೋಂಕು ಎರಡಕ್ಕೂ ತಡೆಯಾಗುವುದು ಕಾಂಡೋಮ್ ಒಂದೇ. ಇದನ್ನು ಹೇಳಿದರೆ ಮಕ್ಕಳು ಕೆಡುತ್ತಾರೆ ಎನ್ನುವ ಪಾಲಕರ ಮಾತನ್ನು ನಾನು ಒಪ್ಪುವುದಿಲ್ಲ. ಕೆಟ್ಟ ಮಾಹಿತಿ ಮೊಬೈಲ್‌ನಲ್ಲಿ ಅವರಿಗೆ ಆಗಲೇ ಸಿಕ್ಕಿರುತ್ತದೆ.

ಕಾನೂನನ್ನೂ ಮುಚ್ಚಿಡದೆ ಹೇಳುತ್ತೇನೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ಲೈಂಗಿಕ ಸಂಪರ್ಕಕ್ಕೆ 18 ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ, ಅದು ತಿಳಿದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಆದರೆ ಬಾಲಕಿ ಮತ್ತು ಪಾಲಕರು ಕೋರಿದರೆ, ಗರ್ಭಪಾತದ ಸಂದರ್ಭದ ಆ ವರದಿಯಲ್ಲಿ ಅವಳ ಹೆಸರು, ಗುರುತು ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಶಿರಸಿಯ ಹುಡುಗಿಯ ತಾಯಿಗೆ ಇದನ್ನು ವಿವರಿಸಿದಾಗ, ಅಲ್ಲಿಯವರೆಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದ ಆಕೆ ಮೊದಲ ಬಾರಿಗೆ ಮಗಳ ಕಡೆ ತಿರುಗಿದರು.

ಅಂದು ಚೀಟಿಯ ಪ್ರಶ್ನೆಗೆ ಇಡೀ ತರಗತಿಗೆ ಕೇಳುವಂತೆ ಉತ್ತರಿಸಿದೆ: ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗಬಹುದು, ವಾರಕ್ಕಿಂತ ತಡವಾದರೆ ಮೂತ್ರ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗಳ ಬಗ್ಗೆ ಹೇಳಿ, ಮಕ್ಕಳ ಸಹಾಯವಾಣಿ 1098 ಅನ್ನು ಕಪ್ಪು ಹಲಗೆಯ ಮೇಲೆ ಬರೆದೆ. ಬಹಳಷ್ಟು ಮಕ್ಕಳು ಅದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡರು.